ಪಾದ್ರಿ ಕಿಟ್ಟೆಲರ ಊಳಿಗ

ನಾರ್ವೆ ನನ್ನ ಊರು. ಕೊಪ್ಪದ ಸೀಮೆಯ ಇತರ ಹಳ್ಳಿಗಳಂತೆ ಇದೂ ಅಡಕೆ ತೋಟ, ಗದ್ದೆ, ಗುಡ್ಡಗಳ ನಡುವೆ ಅಡಗಿಕೊಂಡಿರುವ ಊರು. ಆಷಾಢದ ಮಳೆ ಹಿಡಿಯಿತೆಂದರೆ ಮನೆಯ ಜಗುಲಿಯೇ ಲೋಕ. ಓದುಬರಹದ ರುಚಿಯುಳ್ಳವನಿಗೆ ಅದೂ ಒಂದು ವರವೇ ಸರಿ. ಈ ಸೀಮೆಯ ಒಂದು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿರುವ ನನ್ನ ಮೇಜಿನ ಮೇಲೆ ಕಳೆದ ಮಳೆಗಾಲವಿಡೀ ಒಂದೇ ಗ್ರಂಥ ತೆರೆದಿತ್ತು; ಅದು ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು. ಅರ್ಥ ಹುಡುಕುವುದಕ್ಕಾಗಿ ಅದನ್ನು ಎಷ್ಟು ಸಲ ತೆರೆದಿದ್ದೇನೆಯೋ ಲೆಕ್ಕವಿಲ್ಲ. ಈ ಸಲ ತೆರೆದದ್ದು ಮಾತ್ರ ನನ್ನದೊಂದು ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿ.

ಆ ತಪ್ಪು ಇಷ್ಟೆ. ತರಗತಿಯಲ್ಲಿ ಕನ್ನಡ ನಿಘಂಟುಗಳ ಚರಿತ್ರೆಯನ್ನು ಹೇಳುತ್ತ ಕಿಟ್ಟೆಲರ ವಿಷಯಕ್ಕೆ ಬಂದೆ. ಅವರು ಪಾದ್ರಿಯಾಗಿ ಬಂದದ್ದು ಆಕಸ್ಮಿಕ, ಮತಪ್ರಚಾರ ಅವರ ಸಂಬಳದ ಕೆಲಸ, ನಿಘಂಟು ಅವರ ಒಲವಿನ ಕೆಲಸ. ಮೊದಲನೆಯದನ್ನು ಬದಿಗಿಟ್ಟು ಎರಡನೆಯದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು ಎಂದು ಹೇಳಿದೆ. ವರುಷ ವರುಷವೂ ಹೀಗೆಯೇ ಹೇಳಿಕೊಂಡು ಬಂದಿದ್ದೆ. ಆ ದಿನ ಪಾಠ ಮುಗಿದ ಬಳಿಕ ಒಬ್ಬ ವಿದ್ಯಾರ್ಥಿನಿ ನನ್ನ ಕೊಠಡಿಗೆ ಬಂದಳು. ನರಸಿಂಹರಾಜಪುರದ ಕಡೆಯ ಕ್ರೈಸ್ತ ಕುಟುಂಬದ ಹುಡುಗಿ. ಅವಳ ತಂದೆ ಊರಿನ ಇಗರ್ಜಿಯಲ್ಲಿ ಬಹುಕಾಲದಿಂದ ಬಾಗಿಲು ತೆರೆಯುವವರು, ಗಂಟೆ ಬಾರಿಸುವವರು, ನೆಲ ಗುಡಿಸಿ ದೀಪ ಹಚ್ಚುವವರು. ಒಂದು ದಿನವೂ ಪೀಠದ ಮೇಲೆ ನಿಂತು ಬೋಧನೆ ಮಾಡಿದವರಲ್ಲ. ಆದರೂ ಮನೆಯಲ್ಲಿ ಅದನ್ನು ಕೂಲಿಯೆಂದು ಯಾರೂ ಎಣಿಸುವುದಿಲ್ಲವಂತೆ. ದೇವರು ಅವರಿಗೆ ವಹಿಸಿದ ಕೆಲಸವೆಂದೇ ನಂಬಿಕೆಯಂತೆ. ಹಾಗಿದ್ದ ಮೇಲೆ ಕಿಟ್ಟೆಲರ ಮೇಜಿನ ಕೆಲಸವನ್ನು ಅವರ ದೇವರಿಂದ ಬೇರ್ಪಡಿಸಿ ಹೇಳುವುದು ಸರಿಯೆ ಎಂದು ಅವಳು ಕೇಳಿದಳು. ಆಕ್ಷೇಪದ ದನಿಯಿರಲಿಲ್ಲ, ತಿಳಿಯಬೇಕೆಂಬ ಆಸೆ ಮಾತ್ರ ಇತ್ತು. ಏನೋ ಒಂದು ಸಮಾಧಾನ ಹೇಳಿ ಕಳುಹಿಸಿದೆ. ಪ್ರಶ್ನೆ ಮಾತ್ರ ನನ್ನ ಹಿಂದೆಯೇ ನಾರ್ವೆಯವರೆಗೂ ಬಂದಿತು.

ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕಿಟ್ಟೆಲರ ಬಾಳಿನ ವೃತ್ತಾಂತವನ್ನು ಮತ್ತೆ ಓದಿದೆ. ನನಗೆ ಕಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಫರ್ಡಿನಾಂಡ್ ಕಿಟ್ಟೆಲರು ಹುಟ್ಟಿದ್ದು 1832ರ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ವಾಯವ್ಯ ತುದಿಯ ಪೂರ್ವ ಫ್ರೀಸ್‌ಲ್ಯಾಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಕಡಲಿನ ಗಾಳಿ ಬೀಸುವ ತಗ್ಗು ಬಯಲಿನ ನಾಡದು; ನಮ್ಮ ಘಟ್ಟಕ್ಕೂ ಅದಕ್ಕೂ ಯಾವ ಹೋಲಿಕೆಯೂ ಇಲ್ಲ. ತಂದೆ ಅಲ್ಲಿಯ ಸಭೆಯ ಪಾದ್ರಿಗಳು. ಮನೆಯಲ್ಲಿ ಶಿಸ್ತು, ಪ್ರಾರ್ಥನೆ, ಓದು ಇವು ಮೂರೂ ಬೆಸೆದುಕೊಂಡಿದ್ದುವು. ಹಿರಿಯ ಮಗನಾದ ಫರ್ಡಿನಾಂಡರು ಔರಿಚ್ ಪಟ್ಟಣದ ಪ್ರೌಢಶಾಲೆಯಲ್ಲಿ ಕಲಿತರು. ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳ ಪರಿಚಯ ಎಳೆಯ ವಯಸ್ಸಿನಲ್ಲಿಯೇ ಆಯಿತು. ಇಷ್ಟು ಕಲಿತವನು ವಿಶ್ವವಿದ್ಯಾನಿಲಯವನ್ನು ಸೇರಿ ತಂದೆಯಂತೆ ಪಾದ್ರಿಯಾಗುವುದೋ ಪಂಡಿತನಾಗುವುದೋ ಸಹಜವಾದ ಹಾದಿ. ಅವರು ಹಿಡಿದದ್ದು ಬೇರೆ ಹಾದಿಯನ್ನು. 1850ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಮಿಷನ್ ವಿದ್ಯಾಲಯವನ್ನು ಸೇರಿಕೊಂಡರು.

ಬಾಸೆಲ್ ಮಿಷನ್ನಿನ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳದೆ ಕಿಟ್ಟೆಲರ ಬಾಳು ಅರ್ಥವಾಗುವುದಿಲ್ಲ. 1815ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ಬರುತ್ತಿದ್ದ ತರುಣರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಅವರ ಭಕ್ತಿ ಹೃದಯದ ಭಕ್ತಿ. ಆಡಂಬರವನ್ನು ಒಲ್ಲದ, ದುಡಿಮೆಯನ್ನು ಗೌರವಿಸುವ ಭಕ್ತಿ. 1834ರಲ್ಲಿ ಈ ಮಿಷನ್ನಿನವರು ನಮ್ಮ ಪಶ್ಚಿಮ ಕರಾವಳಿಗೆ ಬಂದು ಮಂಗಳೂರಿನಲ್ಲಿ ನೆಲೆ ನಿಂತರು. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಹೋದರು. ಮತಾಂತರಗೊಂಡವರು ತಮ್ಮ ಜಾತಿ ಕುಲಗಳಿಂದ ಹೊರಬಿದ್ದು ಜೀವನೋಪಾಯವಿಲ್ಲದೆ ನಿಂತಾಗ ಅವರಿಗಾಗಿ ಮಗ್ಗಗಳನ್ನು ಹೂಡಿದರು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೊಡಗಿತು. 1865ರಲ್ಲಿ ಹೆಂಚಿನ ಕಾರ್ಖಾನೆ ಬಂದಿತು. ಇಂದಿಗೂ ಮಲೆನಾಡಿನ ಹಳೆಯ ಮನೆಗಳ ಮಾಡನ್ನು ಹತ್ತಿ ನೋಡಿದರೆ ಮಂಗಳೂರು ಹೆಂಚು ಕಾಣಸಿಗುತ್ತದೆ.

ಒಂದು ಕ್ರೈಸ್ತ ಸಭೆಯೆಂದರೆ ಬೋಧಕ ಮತ್ತು ಕೇಳುಗರ ಗುಂಪು ಮಾತ್ರವಲ್ಲ. ಅದೊಂದು ದೇಹ, ಅದರ ಅಂಗಗಳು ಹಲವು, ಕಣ್ಣು ಮಾಡುವ ಕೆಲಸವನ್ನು ಕೈ ಮಾಡಲಾರದು, ಕೈ ಮಾಡುವುದನ್ನು ಕಣ್ಣು ಮಾಡಲಾರದು ಎಂಬ ಅರ್ಥದ ಉಪದೇಶ ಸಂತ ಪೌಲರ ಪತ್ರದಲ್ಲಿದೆ. ನೇಯುವವನು, ಹೆಂಚು ಸುಡುವವನು, ಅಚ್ಚುಮೊಳೆ ಜೋಡಿಸುವವನು, ಶಾಲೆಯಲ್ಲಿ ಅಕ್ಷರ ತಿದ್ದಿಸುವ ಹೆಂಗಸು, ಎಲ್ಲರೂ ಆ ದೇಹದ ಅಂಗಗಳೇ. ನಮ್ಮ ಶರಣರ ಕಾಯಕತತ್ವವನ್ನು ಬಲ್ಲ ಕನ್ನಡಿಗನಿಗೆ ಈ ಭಾವನೆ ಹೊಸದೆನಿಸದು. ತತ್ವ ಹೀಗಿದ್ದರೂ ಯೂರೋಪಿನಿಂದ ಬಂದ ಮಿಷನರಿಯ ಅಳತೆಗೋಲು ಮಾತ್ರ ಒಂದೇ ಆಗಿತ್ತು. ಅವನು ಬೋಧಿಸಬೇಕು, ಬೋಧನೆಯನ್ನು ಕೇಳಿದವರು ಸಭೆಗೆ ಬರಬೇಕು. ಎಲ್ಲಿರಬೇಕು, ಏನು ಮಾಡಬೇಕು, ಯಾವಾಗ ಮದುವೆಯಾಗಬೇಕು ಎಂಬುದನ್ನೂ ಬಾಸೆಲಿನ ಮಂಡಲಿಯೇ ತೀರ್ಮಾನಿಸುತ್ತಿತ್ತು. ವಿಧೇಯತೆ ಅಲ್ಲಿಯ ಮೊದಲ ಪಾಠ.

1853ರಲ್ಲಿ ಕಿಟ್ಟೆಲರು ಭಾರತಕ್ಕೆ ಬಂದರು. ಆಗ ಅವರ ವಯಸ್ಸು 21. ಅವರನ್ನು ಕಳುಹಿಸಿದ್ದು ಧಾರವಾಡಕ್ಕೆ. ಕನ್ನಡ ಕಲಿಕೆಯಲ್ಲಿ ಅವರು ಮುಳುಗಿದರು ಎಂದರೆ ಸಾಲದು. ಜನರ ಮಾತನ್ನು ಜನರ ಬಾಯಿಂದಲೇ ಕಲಿಯಬೇಕೆಂದು ಹಳ್ಳಿಗಳಲ್ಲಿ ತಿರುಗಾಡಿದರು. ತಿರುಗಾಡುತ್ತ ಅವರಿಗೊಂದು ವಿಚಾರ ಹೊಳೆಯಿತು. ಬಂಗಲೆಯಲ್ಲಿ ಇದ್ದುಕೊಂಡು, ಆಳುವವರ ಉಡುಪು ಊಟಗಳನ್ನು ಉಳಿಸಿಕೊಂಡು, ಸಂತೆಯಲ್ಲಿ ಒಂದು ಗಳಿಗೆ ನಿಂತು ಉಪದೇಶ ಮಾಡಿದರೆ ಯಾರ ಎದೆಗೂ ಅದು ಮುಟ್ಟದು. ಭಾರತೀಯರ ನಡುವೆ ಭಾರತೀಯನಾಗಿ, ಅವರ ಹಾಗೆಯೇ ಬಾಳಬೇಕು ಎಂಬುದೇ ಆ ವಿಚಾರ. ಇದು ಮಿಷನ್ನಿನ ಹಿರಿಯರಿಗೆ ಸರಿಬೀಳಲಿಲ್ಲ. ಹರೆಯದ ಹಟವೆಂದೂ ಶಿಸ್ತಿಗೆ ವಿರೋಧವೆಂದೂ ಅವರಿಗೆ ತೋರಿತು. ಕಿಟ್ಟೆಲರು ಒಂದೆಡೆಯಿಂದ ಇನ್ನೊಂದೆಡೆಗೆ ವರ್ಗವಾದರು. ಬೋಧಕರಾಗಿ ಹೇಳಿಕೊಳ್ಳುವಂಥ ಯಶಸ್ಸು ಅವರಿಗೆ ಎಂದೂ ದೊರೆಯಲಿಲ್ಲ.

ಇಲ್ಲಿ ಕ್ಷಣಕಾಲ ನಿಲ್ಲಬೇಕೆನಿಸುತ್ತದೆ. ಮನೆಮಾರುಗಳನ್ನು ತೊರೆದು, ಸಾವಿರಾರು ಮೈಲಿ ಕಡಲನ್ನು ದಾಟಿ ಬಂದ ತರುಣ. ಯಾವ ಕೆಲಸಕ್ಕಾಗಿ ತನ್ನನ್ನು ದೇವರು ಕರೆದಿದ್ದಾನೆಂದು ನಂಬಿದ್ದನೋ ಆ ಕೆಲಸವೇ ಅವನಿಗೆ ಒಲಿಯುತ್ತಿಲ್ಲ. ಇಂಥ ಗಳಿಗೆಯಲ್ಲಿ ಕೆಲವರು ನಂಬಿಕೆಯನ್ನೇ ಬಿಡುತ್ತಾರೆ. ಕೆಲವರು ಮುಖ ಕಹಿ ಮಾಡಿಕೊಂಡು ತಿಂಗಳ ಸಂಬಳಕ್ಕಾಗಿ ದಿನ ನೂಕುತ್ತಾರೆ. ಅಧ್ಯಾಪಕ ವೃತ್ತಿಯಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಈ ಎರಡನೆಯ ಸ್ಥಿತಿ ಅಪರಿಚಿತವೇನಲ್ಲ. ಕಿಟ್ಟೆಲರು ಎರಡನ್ನೂ ಮಾಡಲಿಲ್ಲ. ಮಿಷನ್ನನ್ನು ಬಿಡಲಿಲ್ಲ, ಕೊಟ್ಟ ಜಾಗದಲ್ಲಿಯೇ ಇದ್ದು ತನ್ನ ಕೈಗೆ ಯಾವ ಕೆಲಸ ಒಗ್ಗುತ್ತದೆಂದು ತಾಳ್ಮೆಯಿಂದ ಹುಡುಕಿಕೊಂಡರು.

ಮಂಗಳೂರಿನ ವಾಸ ಈ ಹುಡುಕಾಟಕ್ಕೆ ನೆರವಾಯಿತು. ಅಲ್ಲಿ ಹೆರ್ಮನ್ ಮೋಗ್ಲಿಂಗರು ಹಾಕಿಕೊಟ್ಟ ಪರಂಪರೆಯೊಂದಿತ್ತು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದವರು, ಹಳೆಯ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ನಾಡಿಗಿತ್ತವರು ಆ ಮೋಗ್ಲಿಂಗರೇ. ಕಿಟ್ಟೆಲರು ಮೊದಲು ಕೈಯಿಟ್ಟದ್ದು ಪದ್ಯರಚನೆಗೆ. ಕ್ರಿಸ್ತನ ಚರಿತೆಯನ್ನು ನಮ್ಮ ದೇಶದ ಛಂದಸ್ಸಿನ ಕಟ್ಟಿನಲ್ಲಿ ಹೇಳುವ ಕಥಾಮಾಲೆಯನ್ನು 1862ರಲ್ಲಿ ಪ್ರಕಟಿಸಿದರು. ಜರ್ಮನಿಯ ರಾಗಗಳನ್ನು ಕನ್ನಡದ ಕೊರಳಿಗೆ ಕಟ್ಟುವುದಕ್ಕಿಂತ ಕನ್ನಡದ ಹಾಡಿನಲ್ಲಿಯೇ ತನ್ನ ಒಡೆಯನನ್ನು ಹಾಡಬೇಕೆಂಬ ಹಂಬಲ ಅದರಲ್ಲಿ ಕಾಣುತ್ತದೆ. ಧಾರವಾಡದಲ್ಲಿ ಅವರು ಜನರಂತೆ ಬದುಕಲು ಹೊರಟು ಸೋತಿದ್ದರು. ಇಲ್ಲಿ ಜನರ ನುಡಿಯೊಳಗೆ ಬದುಕಲು ಹೊರಟರು. ಅದನ್ನು ತಡೆಯುವವರು ಯಾರೂ ಇರಲಿಲ್ಲ.

ಈ ವರುಷಗಳಲ್ಲಿಯೇ ಮನೆಯಲ್ಲಿ ದುಃಖವೊದಗಿತು. 1860ರಲ್ಲಿ ಅವರು ಪೌಲೀನೆ ಎಂಬಾಕೆಯನ್ನು ಮದುವೆಯಾಗಿದ್ದರು. ನಾಲ್ಕೇ ವರುಷಗಳ ಸಂಸಾರ; 1864ರಲ್ಲಿ ಆಕೆ ತೀರಿಕೊಂಡಳು. ಎಳೆಯ ಮಕ್ಕಳನ್ನು ಕರೆದುಕೊಂಡು ಕಿಟ್ಟೆಲರು ತಾಯ್ನಾಡಿಗೆ ಹೋದರು. 1867ರಲ್ಲಿ ಪೌಲೀನೆಯ ತಂಗಿ ಯೂಲಿಯವರ ಕೈಹಿಡಿದು ಮತ್ತೆ ಕನ್ನಡನಾಡಿಗೆ ಮರಳಿದರು. ಹೆಂಡತಿಯನ್ನು ಮಣ್ಣಿಗಿತ್ತ ನೆಲಕ್ಕೆ ಮರಳಿ ಬರಲು ಎಂಥ ಮನಸ್ಸು ಬೇಕೋ ವಾಚಕರೇ ಊಹಿಸಿಕೊಳ್ಳಲಿ.

ಮರಳಿ ಬಂದವರು ಮಂಗಳೂರಿನಲ್ಲಿಯೂ ಮಡಿಕೇರಿಯಲ್ಲಿಯೂ ಇದ್ದು ಹಳಗನ್ನಡದ ಓಲೆಗರಿಗಳಲ್ಲಿ ಮನಸ್ಸಿಟ್ಟರು. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ 1872ರಲ್ಲಿ ಪ್ರಕಟಿಸಿದರು. 10ನೆಯ ಶತಮಾನದ ಕೊನೆಯ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಹೊರತಂದರು. ಅದರ ಮೊದಲಿಗೆ ಕನ್ನಡ ಸಾಹಿತ್ಯವನ್ನು ಕುರಿತು ಬರೆದ ಪ್ರಬಂಧ, ನಮ್ಮ ಸಾಹಿತ್ಯ ಚರಿತ್ರೆಯನ್ನು ಕ್ರಮವಾಗಿ ಹೇಳುವ ಮೊದಮೊದಲ ಪ್ರಯತ್ನಗಳಲ್ಲಿ ಒಂದು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ಬಂದದ್ದು 1907ರಲ್ಲಿ ಎಂಬುದನ್ನು ನೆನೆದರೆ ಕಿಟ್ಟೆಲರು ಎಂಥ ಕತ್ತಲೆಯಲ್ಲಿ ಹಣತೆ ಹಿಡಿದು ನಡೆದರೆಂಬುದು ತಿಳಿದೀತು. ಸಂಸ್ಕೃತ ನಿಘಂಟುಗಳೊಳಗೆ ಸೇರಿಹೋಗಿರುವ ದ್ರಾವಿಡ ಶಬ್ದಗಳನ್ನು ಕುರಿತು ಅವರು ಬರೆದ ಲೇಖನಗಳೂ ಆ ಕಾಲದ ವಿದ್ವತ್ಪತ್ರಿಕೆಯಲ್ಲಿ ಅಚ್ಚಾದುವು.

ಇನ್ನು ನಿಘಂಟಿನ ಮಾತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ, ಅಂದರೆ ಕಿಟ್ಟೆಲರು ಹುಟ್ಟಿದ ವರುಷವೇ ಪ್ರಕಟವಾಗಿತ್ತು. ಕಾಲ ಕಳೆದಂತೆ ಅದು ಸಾಲದೆಂದು ಎಲ್ಲರಿಗೂ ತೋರಿತು. ಬಾಸೆಲ್ ಮಿಷನ್ನಿನವರೇ ಆದ ಹೆರ್ಮನ್ ಗುಂಡರ್ಟರು ಮಲಯಾಳದ ನಿಘಂಟನ್ನು 1872ರಲ್ಲಿ ಮುಗಿಸಿದ್ದರು. ಮ್ಯಾನರರ ತುಳು ನಿಘಂಟು 1886ರಲ್ಲಿ ಬರಲಿತ್ತು. ಕನ್ನಡದ ಹೊರೆ ಕಿಟ್ಟೆಲರ ಹೆಗಲೇರಿತು. ಮಿಷನ್ನಿಗೆ ಬೇಕಾಗಿದ್ದುದು ಬೋಧಕರಿಗೂ ಬೈಬಲಿನ ಭಾಷಾಂತರಕಾರರಿಗೂ ನೆರವಾಗುವ ಒಂದು ಉಪಕರಣ. ಆದರೆ ಕಿಟ್ಟೆಲರ ಕೈಯಲ್ಲಿ ಆ ಕೆಲಸ ಬೆಳೆದು ಎರಡು ದಶಕಗಳನ್ನು ನುಂಗಿತು.

ಅದು ಬೆಳೆದದ್ದೇಕೆ? ಉತ್ತರ ನಿಘಂಟಿನೊಳಗೆಯೇ ಇದೆ. ಒಂದು ಮಾತನ್ನು ತೆಗೆದುಕೊಂಡರೆ ಅದಕ್ಕೊಂದು ಇಂಗ್ಲಿಷ್ ಮಾತನ್ನು ಕೊಟ್ಟು ಕೈತೊಳೆದುಕೊಳ್ಳುವುದು ಅವರ ರೀತಿಯಲ್ಲ. ಅದು ದೇಶ್ಯವೋ ತದ್ಭವವೋ ತತ್ಸಮವೋ ಎಂದು ವಿಂಗಡಿಸಬೇಕು. ಹಳಗನ್ನಡದಲ್ಲಿ ಅದಕ್ಕಿದ್ದ ರೂಪವನ್ನು ಹೇಳಬೇಕು. ತಮಿಳು, ತೆಲುಗು, ಮಲಯಾಳ, ತುಳು ನುಡಿಗಳಲ್ಲಿ ಅದರ ಬಳಗವನ್ನು ತೋರಿಸಬೇಕು. ಯಾವ ಕವಿ ಯಾವ ಅರ್ಥದಲ್ಲಿ ಬಳಸಿದ್ದಾನೆಂಬುದಕ್ಕೆ ಸಾಕ್ಷಿ ಕೊಡಬೇಕು. ಮೈಸೂರು ಸೀಮೆಯ ಬಳಕೆಯೋ ದಕ್ಷಿಣ ಮರಾಠಾ ಪ್ರಾಂತವೆಂದು ಆಗ ಕರೆಯುತ್ತಿದ್ದ ಧಾರವಾಡದ ಕಡೆಯ ಬಳಕೆಯೋ ಗುರುತಿಸಬೇಕು. ಕಾವ್ಯದಲ್ಲಿ ಸಿಗದ ಮಾತಾದರೆ ಗಾದೆಯಲ್ಲಿ, ಒಗಟಿನಲ್ಲಿ, ಹೆಂಗಸರ ಮಾತುಕತೆಯಲ್ಲಿ ಅದನ್ನು ಹಿಡಿದು ತರಬೇಕು. ಸುಮಾರು 70,000 ಮಾತುಗಳಿಗೆ ಹೀಗೆ ಮಾಡುವುದೆಂದರೆ ಅದು ಒಂದು ಹುತ್ತ ಬೆಳೆಯುವ ಬಗೆ. ದಿನಕ್ಕೆ ಒಂದಿಷ್ಟು ಮಣ್ಣು, ನೋಡುವವರಿಗೆ ಏನೂ ನಡೆಯುತ್ತಿಲ್ಲವೆಂಬ ಭಾವನೆ.

ಮಳೆಗಾಲದ ಆ ದಿನಗಳಲ್ಲಿ ನನ್ನ ಮನಸ್ಸಿನಲ್ಲಿ ಓಡುತ್ತಿದ್ದ ಮಾತು ಊಳಿಗ. ನಮ್ಮ ಕಡೆ ಅದು ಈಗ ಅಷ್ಟೇನೂ ಮರ್ಯಾದೆಯ ಮಾತಲ್ಲ. ಊಳಿಗವೆಂದರೆ ಒಡೆಯರ ಮನೆಯ ಚಾಕರಿ, ಬೇರೆಯವರ ಹಂಗಿನ ದುಡಿತ. ಆದರೆ ಅದರ ಹಳೆಯ ರೂಪ ಱೞಗಳ ಕಾಲದ ಊೞಿಗ. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಅದರ ಒಡಹುಟ್ಟು ಊೞಿಯಂ, ತೆಲುಗಿನಲ್ಲಿ ಊಡಿಗಮು. ದೇವರಿಗೂ ಗುರುವಿಗೂ ಸಲ್ಲುವ ಸೇವೆಯೆಂಬ ಅರ್ಥ ತಮಿಳಿನ ಮಾತಿಗುಂಟು. ತಮಿಳು ಕ್ರೈಸ್ತರು ದೇವಸೇವೆಯನ್ನು ಇಂದಿಗೂ ಕರೆಯುವುದು ಆ ಮಾತಿನಿಂದಲೇ. ಒಂದೇ ಮಾತಿನ ಒಂದು ತುದಿ ಅಂಗಳ ಗುಡಿಸುವಲ್ಲಿದೆ, ಇನ್ನೊಂದು ತುದಿ ದೇವರ ಸನ್ನಿಧಿಯಲ್ಲಿದೆ. ಆ ಹುಡುಗಿಯ ತಂದೆಯ ಕೆಲಸವೂ ಹೀಗೆಯೇ ಅಲ್ಲವೆ? ಕಿಟ್ಟೆಲರದೂ ಹೀಗೆಯೇ ಅಲ್ಲವೆ? ಅವರ ಪಾಲಿಗೆ ಬಂದದ್ದು ಬೋಧಕನ ಪೀಠವಲ್ಲ, ಕಡತಗಳ ಮೇಜು. ಅದನ್ನೇ ತನ್ನ ಊಳಿಗವೆಂದು ಒಪ್ಪಿಕೊಂಡು, ಯಾರೂ ನೋಡದ ಮೂಲೆಯನ್ನೂ ಗುಡಿಸುವವನ ನಿಷ್ಠೆಯಿಂದ ಅವರು ಪ್ರತಿಯೊಂದು ಮಾತನ್ನೂ ನೋಡಿಕೊಂಡರು.

ಈ ನಿಷ್ಠೆಯ ಫಲವಾಗಿ ಒಂದು ಆಶ್ಚರ್ಯದ ಸಂಗತಿ ನಡೆಯಿತು. ಕಿಟ್ಟೆಲರು ತಮ್ಮ ಮತದಲ್ಲಿ ದೃಢರು. ನಮ್ಮ ಯಜ್ಞಯಾಗಗಳನ್ನು ಕುರಿತು ಅವರು ಬರೆದ ಪುಸ್ತಕವನ್ನಾಗಲಿ, ಲಿಂಗಾರಾಧನೆಯ ಮೂಲವನ್ನು ಕುರಿತು 1876ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪ್ರಬಂಧವನ್ನಾಗಲಿ ನೋಡಿದರೆ ಅವರ ಕಣ್ಣು ಹೊರಗಿನವರ ಕಣ್ಣೆಂಬುದು ತಿಳಿಯುತ್ತದೆ. ನಮ್ಮ ನಂಬಿಕೆಗಳನ್ನು ಅವರು ಒಪ್ಪಿದವರಲ್ಲ. ಒಪ್ಪಿದಂತೆ ನಟಿಸಿದವರೂ ಅಲ್ಲ. ಆದರೆ ನಿಘಂಟನ್ನು ತೆರೆದಾಗ ಆ ಬೋಧಕ ಹಿಂದೆ ಸರಿಯುತ್ತಾರೆ. ಬಸವಪುರಾಣದ ಮಾತಿಗೂ ಜೈಮಿನಿ ಭಾರತದ ಮಾತಿಗೂ ದಾಸರ ಪದಗಳ ಮಾತಿಗೂ ಬೈಬಲಿನ ಮಾತಿಗೂ ಅಲ್ಲಿ ಸಮನಾದ ಎಡೆ. ವೀರಶೈವನ ಶಬ್ದ, ಜೈನನ ಶಬ್ದ, ಬ್ರಾಹ್ಮಣನ ಮಡಿಯ ಶಬ್ದ, ಬೇಸಾಯಗಾರನ ನೇಗಿಲಿನ ಶಬ್ದ ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ತನಗೊಪ್ಪದ ನಂಬಿಕೆಯ ಮಾತನ್ನು ಕಿರಿದು ಮಾಡಿದರೆ, ತಿರುಚಿದರೆ, ಅವರ ಕಣ್ಣಿಗೆ ಅದು ತನಗೆ ವಹಿಸಿದ ಕೆಲಸಕ್ಕೆ ಮಾಡಿದ ದ್ರೋಹವಾಗುತ್ತಿತ್ತು. ಕೆಲಸ ಕೊಟ್ಟವನು ದೇವರೆಂದು ನಂಬಿದ ಮೇಲೆ ತೂಕದಲ್ಲಿ ಮೋಸ ಸಲ್ಲದು. ಅವರ ಭಕ್ತಿಯೇ ಅವರನ್ನು ನಿಷ್ಪಕ್ಷಪಾತಿಯನ್ನಾಗಿ ಮಾಡಿತೆಂದು ನನಗೆ ತೋರುತ್ತದೆ.

ನಾನು ತರಗತಿಯಲ್ಲಿ ಮಾಡಿದ ತಪ್ಪು ಇಲ್ಲಿಯೇ ಇದ್ದದ್ದು. ಪಾದ್ರಿಯನ್ನು ಬದಿಗಿಟ್ಟರೆ ಪಂಡಿತ ಉಳಿಯುತ್ತಾನೆಂದು ನಾನು ಎಣಿಸಿದ್ದೆ. ಮತ್ತೆ ಕೆಲವರ ವಾದ ಇದಕ್ಕೆ ತದ್ವಿರುದ್ಧ. ನಿಘಂಟೆಲ್ಲ ಮತಾಂತರದ ಸಾಧನವೇ ಹೊರತು ಬೇರಲ್ಲವೆಂದು ಅವರು ತಳ್ಳಿಬಿಡುತ್ತಾರೆ. ಮಿಷನ್ನಿನ ಉದ್ದೇಶ ಅದಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಾವಿ ತೋಡಿಸಿದವನ ಉದ್ದೇಶ ಏನೇ ಇರಲಿ, ತೋಡಿದವನು ನೀರು ಸಿಗುವವರೆಗೂ ಅಗೆದನೆ ಎಂಬುದು ಬೇರೆಯೇ ಪ್ರಶ್ನೆ. ಕಿಟ್ಟೆಲರು ಅಗೆದರು. ಸಿಕ್ಕ ನೀರು ಎಲ್ಲರ ಕೊಡಕ್ಕೂ ಬಂದಿತು.

ಈ ಕೆಲಸದಲ್ಲಿ ಅವರು ಒಂಟಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಓಲೆಗರಿಗಳನ್ನು ಓದಿ ಅರ್ಥ ಹೇಳಿದ, ಊರೂರ ಬಳಕೆಯನ್ನು ತಿಳಿಸಿದ ನಮ್ಮ ನಾಡಿನ ಪಂಡಿತರು ಅವರ ಬಳಿಯಿದ್ದರು. ಮಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದ ಕೈಗಳಿದ್ದುವು. ಕನ್ನಡ ಲಿಪಿ, ಅದರ ಪಕ್ಕದಲ್ಲಿ ಚುಕ್ಕಿ ಗೆರೆಗಳಿಂದ ಕೂಡಿದ ರೋಮನ್ ಲಿಪಿ, ನಡುನಡುವೆ ಅಂಕೆಗಳು, ಸಂಕೇತಗಳು. ಇಂಥ ಪುಟವೊಂದರ ಕರಡಚ್ಚನ್ನು ತಿದ್ದಿದ ಅನುಭವವುಳ್ಳವರು ಆ ಕೈಗಳಿಗೆ ಮನಸ್ಸಿನಲ್ಲಿಯೇ ನಮಸ್ಕರಿಸಿಯಾರು. ಅವರ ಹೆಸರುಗಳು ಮುಖಪುಟದಲ್ಲಿಲ್ಲ. ಒಂದು ದೇಹದ ಹಲವು ಅಂಗಗಳೆಂಬ ಮಾತಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

1877ರಲ್ಲಿ ಕಿಟ್ಟೆಲರು ಜರ್ಮನಿಗೆ ಹೋದರು. ಅಲ್ಲಿಯೇ ಕುಳಿತು ಕೆಲಸ ಮುಗಿಸಬಹುದಾಗಿತ್ತೆಂದು ನಾವು ಎಣಿಸಬಹುದು. ಆದರೆ ನುಡಿಯ ಮನೆ ಇರುವುದು ಆಡುವವರ ಬಾಯಲ್ಲಿ. ದೂರದಲ್ಲಿದ್ದುಕೊಂಡು ಸಂಶಯಗಳನ್ನು ಪರಿಹರಿಸಿಕೊಳ್ಳುವುದು ಆಗಲಿಲ್ಲ. 1880ರ ದಶಕದಲ್ಲಿ, ಐವತ್ತು ದಾಟಿದ ಮೇಲೆ, ಮತ್ತೊಮ್ಮೆ ಕಡಲನ್ನು ದಾಟಿ ಬಂದರು. 1892ರವರೆಗೆ ಇಲ್ಲಿಯೇ ಇದ್ದು ದುಡಿದರು. ಆ ವರುಷ ಕನ್ನಡನಾಡನ್ನು ಬಿಟ್ಟು ಹೋದವರು ಮತ್ತೆ ಬರಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಪ್ರಕಟವಾಯಿತು. 1,700ಕ್ಕೂ ಹೆಚ್ಚು ಪುಟಗಳ ಆ ಬೃಹದ್ಗ್ರಂಥ ನಮ್ಮ ನೆಲದಲ್ಲಿ ಬೆಳಕು ಕಂಡಾಗ ಅದರ ಕರ್ತೃ ಇಲ್ಲಿರಲಿಲ್ಲ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಯೌವನದಲ್ಲಿ ವಿಶ್ವವಿದ್ಯಾನಿಲಯವನ್ನು ಬಿಟ್ಟು ಮಿಷನ್ನಿಗೆ ಬಂದವರನ್ನು ಮುಪ್ಪಿನಲ್ಲಿ ವಿಶ್ವವಿದ್ಯಾನಿಲಯವೇ ಹುಡುಕಿಕೊಂಡು ಬಂದಂತಾಯಿತು.

ಅಷ್ಟಕ್ಕೇ ಅವರು ಲೇಖನಿ ಕೆಳಗಿಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆ ವರುಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗೆನ್ ನಗರದಲ್ಲಿ ಕಿಟ್ಟೆಲರು ತೀರಿಕೊಂಡರು. ಅವರಿಗೆ ಆಗ 71 ವರ್ಷ.

ಅವರ ಕೆಲಸದಲ್ಲಿ ಕೊರತೆಗಳಿಲ್ಲವೆಂದಲ್ಲ. ಪಂಪಭಾರತವೂ ಕವಿರಾಜಮಾರ್ಗವೂ ಅಚ್ಚಿನಲ್ಲಿ ಬಂದದ್ದು 1898ರಲ್ಲಿ, ಅಂದರೆ ನಿಘಂಟು ಹೊರಬಂದ ನಾಲ್ಕು ವರುಷಗಳ ಮೇಲೆ. ನಮ್ಮ ಕೊಪ್ಪ, ಶೃಂಗೇರಿ ಮೊದಲಾದ ಊರುಗಳ ಶಾಸನಗಳನ್ನೊಳಗೊಂಡ ಕಡೂರು ಜಿಲ್ಲೆಯ ಶಾಸನ ಸಂಪುಟವನ್ನು ಬಿ.ಎಲ್. ರೈಸರು ಪ್ರಕಟಿಸಿದ್ದು 1901ರಲ್ಲಿ. ಹೀಗಾಗಿ ಹಳಗನ್ನಡದ ಎಷ್ಟೋ ಮಾತುಗಳು ಕಿಟ್ಟೆಲರ ಕಣ್ಣಿಗೆ ಬೀಳಲಿಲ್ಲ. ಮದರಾಸು ವಿಶ್ವವಿದ್ಯಾನಿಲಯದ ಪರವಾಗಿ ಎಂ. ಮರಿಯಪ್ಪ ಭಟ್ಟರು 1968ರಿಂದ 1971ರವರೆಗೆ ಇದನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದು, ಎಂಟನೆಯದು 1995ರಲ್ಲಿ ಮುಗಿಯಿತು. ವಿದ್ವಾಂಸರ ಒಂದು ಬಳಗವೇ ದಶಕಗಳ ಕಾಲ ಕುಳಿತು ಮಾಡಿದ ಆ ಮಹಾಕಾರ್ಯದ ಪಕ್ಕದಲ್ಲಿಟ್ಟು ನೋಡಿದಾಗ ಕಿಟ್ಟೆಲರ ಸಾಹಸ ಕಿರಿದಾಗುವುದಿಲ್ಲ, ಹಿರಿದಾಗಿಯೇ ಕಾಣುತ್ತದೆ.

ಅವರ ಊಳಿಗ ಅವರೊಂದಿಗೆ ಮುಗಿಯಲೂ ಇಲ್ಲ. ಅದೇ ಬಾಸೆಲ್ ಮಿಷನ್ನಿನ ಸಭೆಯಲ್ಲಿ ಬೆಳೆದು ಪಾದ್ರಿಯಾದ ನಮ್ಮ ನಾಡಿನವರೇ ಆದ ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಕ್ರಿಸ್ತನ ಸೇವಕರೊಬ್ಬರು ಸರ್ವಜ್ಞನಿಗೆ ದುಡಿದದ್ದನ್ನು ಕನ್ನಡಿಗರು ಮರೆಯಲಿಲ್ಲ. 1949ರ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಪೀಠದ ಮೇಲಿನ ಬೋಧನೆಯೊಂದೇ ದೇವಸೇವೆಯಲ್ಲವೆಂಬುದನ್ನು ಕಿಟ್ಟೆಲರು ಅಡಕವಾಗಿ ಹೇಳಿದರೆ, ಚನ್ನಪ್ಪನವರು ಬಾಳಿ ತೋರಿದರು.

ಕಿಟ್ಟೆಲರಿಗೆ ಸಂದ ಗೌರವಗಳೇನೂ ಕಡಮೆಯಲ್ಲ. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಬೋಧಕನೆಂದು ಸೋತ ಊರಿನಲ್ಲಿಯೇ ವಿದ್ಯೆಯ ಮನೆಗೆ ಅವರ ಹೆಸರು ನಿಂತಿದೆ. ಆದರೆ ಬದುಕಿದ್ದಾಗ ಈ ಯಾವುದೂ ಅವರ ಕಣ್ಣ ಮುಂದೆ ಇರಲಿಲ್ಲ. ತಾನು ಪೋಣಿಸುತ್ತಿರುವ ಮಾತುಗಳನ್ನು ಒಂದು ಶತಮಾನದ ಆಚೆ ಮಲೆನಾಡಿನ ಮೂಲೆಯೊಂದರಲ್ಲಿ ಯಾರೋ ಜಗುಲಿಯ ಮೇಲೆ ಕುಳಿತು ಓದುತ್ತಾರೆಂಬುದು ಅವರಿಗೆ ಹೇಗೆ ತಿಳಿಯಬೇಕು? ಅವರ ಮುಂದೆ ಇದ್ದುದು ಆ ದಿನದ ಮಾತು, ಆ ದಿನದ ಕಡತ, ಅದನ್ನು ಸರಿಯಾಗಿ ಮಾಡಬೇಕೆಂಬ ಹೊಣೆ.

ಮಳೆಗಾಲ ಮುಗಿದ ಮೇಲೆ ಕಾಲೇಜಿನಲ್ಲಿ ಆ ಹುಡುಗಿಯನ್ನು ಕರೆದು ನನ್ನ ತಪ್ಪನ್ನು ಒಪ್ಪಿಕೊಂಡೆ. ಕಿಟ್ಟೆಲರು ಪಾದ್ರಿಯಾಗಿದ್ದುಕೊಂಡೂ ನಿಘಂಟು ಬರೆದವರಲ್ಲ, ಪಾದ್ರಿಯಾದುದರಿಂದಲೇ ಅದನ್ನು ಬರೆದು ಮುಗಿಸಿದವರು ಎಂದು ಹೇಳಿದೆ. ಅವಳು ನಕ್ಕು, ತಂದೆಗೆ ಇದನ್ನು ತಿಳಿಸುವುದಾಗಿ ಹೇಳಿ ಹೋದಳು. ಆ ದೊಡ್ಡ ನಿಘಂಟಿನ ವಿಷಯ ಅವರಿಗೆ ಎಷ್ಟು ಗೊತ್ತೋ ಕಾಣೆ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಮರುದಿನ ಬೆಳಗಿನಲ್ಲಿ ಅವರು ಎಂದಿನಂತೆ ಬಾಗಿಲು ತೆರೆದು ಗಂಟೆ ಬಾರಿಸಿರುತ್ತಾರೆ. ನಾನೂ ಎಂದಿನಂತೆ ನಾರ್ವೆಯಿಂದ ಹೊರಟು ತರಗತಿಗೆ ಹೋದೆ. ಆ ಹೊತ್ತು ಪಾಠ ಕೇಳಲು ಇದ್ದವರು ಏಳೆಂಟು ಮಂದಿ. ಅಷ್ಟು ಮಂದಿಗೆ ಮಾಡುವ ಪಾಠವನ್ನೂ ಸರಿಯಾಗಿ ಮಾಡಬೇಕೆಂದು ಆ ದಿನ ನನಗೆ ಅನ್ನಿಸಿತು.